ಓದಿ ಹೇಳುವವನು ಹೇಳಿದ ಒಂದು ಸುಳ್ಳು

ಈ ಕತೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಇರುವವನು ಒಬ್ಬ ಓದಿ ಹೇಳುವವನು. ಕಣ್ಣು ಕಾಣದವರಿಗಾಗಿ ಬ್ರೈಲ್ ಪುಸ್ತಕ ತಯಾರಿಸುವ ಒಂದು ಮುದ್ರಣಾಲಯದಲ್ಲಿ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮರದ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಪುಸ್ತಕ ಓದುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ಎಲ್ಲರೂ ಅವನನ್ನು ಓದಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಯಾರನ್ನು ಕರೆದರೋ ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

ಓದಪ್ಪನಿಗೆ ಮಾತು ತೊದಲುತ್ತಿತ್ತು. ಅಂಗಡಿಯಲ್ಲಿ ಅವನು "ಅರ್ಧ ಕೆಜಿ ಸಕ್ಕರೆ" ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ನಿಂತವರು ಸಾಮಾನು ಕಟ್ಟಿಸಿಕೊಂಡು ಹೊರಟಿರುತ್ತಿದ್ದರು. "ಬೇಡ" ಎನ್ನುವ ಮಾತಂತೂ ಗಂಟಲಲ್ಲೇ ಬಿಡಾರ ಹೂಡಿತ್ತು. ಅದನ್ನು ಹೊರಗೆಳೆಯುವುದಕ್ಕಿಂತ ತಲೆಯಾಡಿಸುವುದು ಸುಲಭ. ಹಾಗಾಗಿ ಅವನ ಮನೆಗೆ ಮೆತ್ತಗಾದ ಟೊಮೆಟೊ ಬರುತ್ತಿತ್ತು, ತೋಳು ಗಿಡ್ಡವಾದ ಅಂಗಿ ಬರುತ್ತಿತ್ತು, ಒಂದು ಸಲ ಯಾರಿಗೂ ಬೇಡವಾದ ಮುದಿ ಗಿಳಿಯೂ ಬಂತು. "ನಿಮ್ಮ ಕುತ್ತಿಗೆ ಮೇಲೆ ಕೆಳಗೆ ಮಾತ್ರ ಆಡುತ್ತೆ. ಅಡ್ಡಡ್ಡ ಆಡೋ ಕೀಲನ್ನ ದೇವರು ಹಾಕೋದೇ ಮರೆತಿದ್ದಾನೆ ನೋಡಿ," ಎಂದು ಹೆಂಡತಿ ನಗುತ್ತಿದ್ದಳು.

ಆದರೆ ಪುಸ್ತಕವೊಂದು ಕೈಗೆ ಬಂದರೆ ತೊದಲು ಎಲ್ಲಿ ಹೋಗುತ್ತಿತ್ತೋ. ಬೇರೆಯವರು ಬರೆದಿಟ್ಟ ಮಾತು ಅವನ ಬಾಯಲ್ಲಿ ಇಳಿಜಾರಿನ ನೀರಿನ ಹಾಗೆ ಹರಿಯುತ್ತಿತ್ತು. ಹೀಗೇಕೆ ಎಂದು ಯಾರಿಗೂ ತಿಳಿದಿರಲಿಲ್ಲ. ಅವನಂತೂ ಕೇಳಿಕೊಳ್ಳಲೂ ಹೋಗಲಿಲ್ಲ, ಕೇಳಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಹೆದರಿಕೆ.

ಅವನ ಎದುರಿಗೆ ಚುಕ್ಕಿ ಅಕ್ಕ ಕೂರುತ್ತಿದ್ದಳು. ಹುಟ್ಟಿನಿಂದ ಕಣ್ಣಿಲ್ಲದವಳು. ವಯಸ್ಸಿನಲ್ಲಿ ಓದಪ್ಪನಿಗಿಂತ ಐದಾರು ವರ್ಷ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ. ಆರು ಕೀಲಿಗಳ ಭಾರದ ಯಂತ್ರ ಅವಳದು. ಓದಪ್ಪ ಒಂದು ಸಾಲು ಓದಿದರೆ ಅವಳ ಬೆರಳುಗಳು ಕೀಲಿಗಳ ಮೇಲೆ ಬೀಳುತ್ತವೆ, ಕಾಲು ಪೆಡಲು ಒತ್ತುತ್ತದೆ, ಟಕ್ ಎಂದು ಸತುವಿನ ತೆಳು ತಗಡಿನ ಮೇಲೆ ಚುಕ್ಕಿ ಏಳುತ್ತದೆ. ತಪ್ಪಾದರೆ ಆ ಚುಕ್ಕಿಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ಮಲಗಿಸಬೇಕು. ಆ ತಗಡಿನಿಂದ ದಪ್ಪ ಕಾಗದದ ಮೇಲೆ ಪ್ರತಿಗಳು ಏಳುತ್ತವೆ. ಮೊದಲ ಪ್ರತಿ ಕಿಟಕಿಯ ಪಕ್ಕದ ತಾತನ ಕೈಗೆ ಹೋಗುತ್ತದೆ. ಅವನೂ ಕಣ್ಣು ಕಾಣದವನೇ. ಎಪ್ಪತ್ತು ದಾಟಿದ್ದರೂ ಅಂಥ ಬೆರಳು ಇನ್ನೊಂದು ಸಿಗದೆಂದು ಮನೆಗೆ ಕಳಿಸದೆ ಇಟ್ಟುಕೊಂಡಿದ್ದರು. ತಾತ ಬೆರಳಾಡಿಸುತ್ತಾ ಗಟ್ಟಿಯಾಗಿ ಓದಬೇಕು, ಓದಪ್ಪ ಅಚ್ಚಿನ ಪುಸ್ತಕ ಹಿಡಿದು ತಾಳೆ ನೋಡಬೇಕು. ಕೊನೆಗೆ "ಪುಸ್ತಕದಲ್ಲಿ ಇರುವುದೇ ಇಲ್ಲಿದೆ" ಎಂಬ ಚೀಟಿಗೆ ಓದಪ್ಪ ರುಜು ಹಾಕಬೇಕು, ಅದರ ಕೆಳಗೆ ಮ್ಯಾನೇಜರ್ ರುಜು ಬಿದ್ದರೆ ಪುಸ್ತಕ ಹೊರಗೆ ಹೋಗುತ್ತದೆ.

ಓದುವುದೆಂದರೆ ಬರೀ ಮಾತನ್ನಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆ ಚಾಳಿ ಮನೆಗೂ ಬಂದು, "ಊಟ ಆಯ್ತು ಪೂರ್ಣವಿರಾಮ" ಎಂದು ಕೈತೊಳೆಯಲು ಏಳುತ್ತಿದ್ದ. ಇನ್ನೊಂದು ಚಾಳಿ ಪುಟದ್ದು. ಅಚ್ಚಿನ ಪುಸ್ತಕದ ಒಂದು ಹಾಳೆ ಬ್ರೈಲಿನಲ್ಲಿ ಮೂರಾಗುತ್ತದೆ. ಆದ್ದರಿಂದ ಅಚ್ಚಿನ ಪುಟ ಎಲ್ಲಿ ಬದಲಾಯಿತೋ ಅಲ್ಲೊಂದು ಗೆರೆ, ಗೆರೆಯ ತುದಿಗೆ ಆ ಪುಟದ ಸಂಖ್ಯೆ. ತರಗತಿಯಲ್ಲಿ ಮೇಷ್ಟ್ರು "ಅರವತ್ತನಾಲ್ಕನೇ ಪುಟ ತೆಗೀರಿ" ಎಂದರೆ, ಕಣ್ಣಿಲ್ಲದ ಮಗು ಪಕ್ಕದವರನ್ನು ಕೇಳದೆ ಅರವತ್ತನಾಲ್ಕನ್ನೇ ತೆಗೆಯಬೇಕಲ್ಲ, ಅದಕ್ಕೆ. ಓದಪ್ಪನ ಕೈ ಹಾಳೆ ತಿರುವಿತೆಂದರೆ ಬಾಯಿ ತಾನಾಗಿ "ಹೊಸ ಪುಟ, ಅರವತ್ತಾರು" ಎನ್ನುತ್ತಿತ್ತು.

ಆ ವರ್ಷ ಅವರು ಒಂದು ಕಾದಂಬರಿ ಹಿಡಿದಿದ್ದರು. ಅದರೊಳಗೊಂದು ವಿಚಿತ್ರ ಊರು. ಅಲ್ಲಿ ಆಳುವವರಿಗೆ ಬೇಡವಾದವರು ಒಂದು ಬೆಳಗ್ಗೆ ಕಾಣೆಯಾಗುತ್ತಾರೆ. ಕಾಣೆಯಾದವರು ಹುಟ್ಟೇ ಇರಲಿಲ್ಲ ಎನ್ನುವ ಹಾಗೆ ಮನೆಯವರು ಬದುಕಬೇಕು. ಅವರ ಊಟದ ತಟ್ಟೆಯನ್ನು ಬೀದಿಗೆ ಬರುವ ಗಾಡಿಗೆ ಒಪ್ಪಿಸಿಬಿಡಬೇಕು. ಎಣಿಸುವವರು ಬಂದು ಮನೆಮಂದಿಗೂ ತಟ್ಟೆಗೂ ಲೆಕ್ಕ ತಾಳೆ ನೋಡುತ್ತಾರೆ. ಒಬ್ಬ ಇಸ್ತ್ರಿ ಮಾಡುವ ಹೆಂಗಸಿನ ತಂಗಿ ಹೀಗೆ ಕಾಣೆಯಾಗುತ್ತಾಳೆ. ಆಕೆ ತಟ್ಟೆಯನ್ನು ಬಟ್ಟೆಗಂಟಿನಲ್ಲಿ ಅಡಗಿಸಿ, ಇವತ್ತು ಕೊಡಲೋ ನಾಳೆ ಕೊಡಲೋ ಎಂದು ಇನ್ನೂರು ಪುಟ ಒದ್ದಾಡುತ್ತಾಳೆ.

ಅಕ್ಕ ಆ ಹೆಂಗಸನ್ನು ಹಚ್ಚಿಕೊಂಡುಬಿಟ್ಟಿದ್ದಳು. "ಇವತ್ತು ನಮ್ಮ ಇಸ್ತ್ರಿಯವಳ ಮನೆಗೆ ಎಣಿಸೋರು ಬರ್ತಾರಾ ಓದಪ್ಪ?" ಎಂದು ಬೆಳಗ್ಗೆ ಬಂದ ಕೂಡಲೇ ಕೇಳುವಳು.

"ಮೊ... ಮೊದಲೇ ಹೇಳಿದ್ರೆ ಕೆಲ್ಸ ಯಾರು ಮಾಡ್ತಾರೆ?" ಎನ್ನುವನು ಓದಪ್ಪ.

ಕೊನೆಯ ಹದಿನಾಲ್ಕು ಪುಟ ಉಳಿದಿರುವಾಗ ಮ್ಯಾನೇಜರ್ ಅವನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರೇನಲ್ಲ. ತಾತನಿಗೆ ಜ್ವರ ಬಂದಾಗ ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ಹೆದರಿಕೆಯ ಪಿಂಡ. ಮೇಜಿನ ಮೇಲೆ ಟೈಪು ಮಾಡಿದ ಏಳು ಬಿಡಿ ಹಾಳೆ ಇಟ್ಟಿದ್ದರು.

"ಓದಪ್ಪನೋರೇ, ಈ ಪುಸ್ತಕದ ಕೊನೆ ನೋಡ್ದೆ. ಆ ಹೆಂಗಸು ತಟ್ಟೆ ಕೊಡೋದೇ ಇಲ್ಲ. ವಸತಿ ಶಾಲೆ ಮಕ್ಕಳ ಕೈಗೆ ಹೋಗೋ ಪುಸ್ತಕ ಇದು. ನಾಳೆ ಮೇಲಿನವರು ಯಾರಾದ್ರೂ ಕೇಳಿದ್ರೆ? ಮೊದಲೇ ಕಷ್ಟದಲ್ಲಿರೋ ಮಕ್ಕಳು, ಪಾಪ. ಅವರಿಗೆ ಕೊನೇಲಿ ಕತ್ತಲೆ ಯಾಕೆ? ನಾನೇ ಒಂದು ಒಳ್ಳೆ ಕೊನೆ ಬರೆದಿದೀನಿ. ತಟ್ಟೆ ಕೊಡ್ತಾಳೆ, ಒಂದು ವಾರಕ್ಕೆ ತಂಗಿ ವಾಪಸ್ ಬರ್ತಾಳೆ. ನೀವು ಪುಸ್ತಕದಿಂದ ಓದಿದ ಹಾಗೆ ಓದ್ಬಿಡಿ. ಅಕ್ಕನಿಗೆ ಹೇಳೋದೇನೂ ಬೇಡ."

ಓದಪ್ಪ ಬಾಯಿ ತೆರೆದ. ಕುತ್ತಿಗೆ ಮೇಲೆ ಕೆಳಗೆ ಆಡಿತು.

ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡ. ಅವಳು ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು. "ಬರೆದವರು ಯಾರೋ, ಬದಲಾಯಿಸಿದವರು ಯಾರೋ. ನೀವು ಬರೀ ಬಾಯಿ. ಬಾಯಿಗೇನು ಪಾಪ ಸುತ್ಕೊಳ್ಳುತ್ತೆ?" ಎಂದಳು. ಎರಡು ಬಟ್ಟೆ ಮಡಚಿದ ಮೇಲೆ, "ಅಕ್ಕನಿಗೆ ಹೇಳ್ತೀರಾ?" ಎಂದಳು.

"ಇ... ಇಲ್ಲ."

"ಹಾಗಾದ್ರೆ ನನಗೂ ಹೇಳ್ಬಾರದಿತ್ತು ರೀ. ನಾಳೆ ಅವಳು ಎದುರಿಗೆ ಸಿಕ್ಕಿದ್ರೆ ನಾನು ಹೇಗೆ ಮಾತಾಡ್ಲಿ?"

ಮರುದಿನ ಓದಪ್ಪ ಪುಸ್ತಕವನ್ನು ಇನ್ನೂರ ಹನ್ನೆರಡನೇ ಪುಟದವರೆಗೆ ಓದಿದ. ಬೀದಿಯ ತುದಿಯಲ್ಲಿ ಗಾಡಿಯ ಗಂಟೆ ಕೇಳಿಸಿತು, ಇಸ್ತ್ರಿಯವಳು ಗಂಟು ಬಿಚ್ಚಿ ತಟ್ಟೆ ಹೊರಗೆ ತೆಗೆದಳು. ಅಲ್ಲಿಗೆ ಪುಸ್ತಕ ಮುಚ್ಚಿ, ಮಡಿಲಲ್ಲಿದ್ದ ಬಿಡಿ ಹಾಳೆಗಳನ್ನು ಎತ್ತಿಕೊಂಡ. "ಅವಳು ಸಂತೋಷದಿಂದ ತಟ್ಟೆಯನ್ನು ಗಾಡಿಯವನ ಕೈಗೆ ಕೊಟ್ಟಳು ಪೂರ್ಣವಿರಾಮ" ಎಂದ. ದನಿ ಎಲ್ಲೂ ತಡವರಿಸಲಿಲ್ಲ. ತಡವರಿಸಿದ್ದರೆ ಅಕ್ಕ ಏನಾಯಿತೆಂದು ಕೇಳುತ್ತಿದ್ದಳು, ಆ ನೆವದಲ್ಲಿ ಹೇಳಿಬಿಡಬಹುದಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನಿಸಿತು. ಏಳು ಹಾಳೆಯೂ ನುಣ್ಣಗೆ ಮುಗಿದವು. ಅಕ್ಕನ ಬೆರಳುಗಳು ಒಂದು ಸಲವೂ ನಿಲ್ಲಲಿಲ್ಲ.

"ಮು... ಮುಗೀತು ಅಕ್ಕ," ಎಂದ.

"ಮುಗೀತಾ," ಎಂದಳು ಅಕ್ಕ. ಅಷ್ಟೇ. ಯಂತ್ರಕ್ಕೆ ಬಟ್ಟೆ ಮುಚ್ಚಿ, ಕೋಲು ಹುಡುಕಿಕೊಂಡು ಹೊರಟಳು. ದಿನಾ ಬಾಗಿಲಲ್ಲಿ ನಿಂತು ಏನಾದರೊಂದು ಕೀಟಲೆ ಮಾಡಿ ಹೋಗುವವಳು ಅಂದು ನಿಲ್ಲಲಿಲ್ಲ.

ಅದರ ಮಾರನೇ ದಿನ ತಾತನ ಸರದಿ. ತಾತ ಕಿಟಕಿಯ ಪಕ್ಕ ಕೂತು ಬೆರಳಾಡಿಸುತ್ತಾ ಓದಿದ, ಓದಪ್ಪ ಬಿಡಿ ಹಾಳೆ ಹಿಡಿದು ಹೂಂಗುಟ್ಟಿದ. ತಟ್ಟೆ ಕೊಟ್ಟದ್ದಾಯಿತು, ಅಧಿಕಾರಿ ಅವಳ ತಲೆ ಸವರಿದ್ದಾಯಿತು. ತಾತನ ಬೆರಳು ನಿಂತಿತು. ಹಿಂದಿನ ಹಾಳೆಗೆ ಹೋಯಿತು, ಮುಂದಿನದಕ್ಕೆ ಬಂತು, ಮತ್ತೆ ಹಿಂದಕ್ಕೆ.

"ಲೋ ಓದಪ್ಪ, ಇಲ್ಲಿ ಪುಟ ಎಲ್ಲೋ?"

"ಯಾ... ಯಾವ ಪುಟ ತಾತ?"

"ಇನ್ನೂರ ಹನ್ನೆರಡು ಆಯ್ತು. ಆಮೇಲೆ ಹತ್ತೊಂಬತ್ತು ಹಾಳೆ ಮುಟ್ಟಿದೀನಿ, ಒಂದು ಗೆರೆ ಇಲ್ಲ, ಒಂದು ಸಂಖ್ಯೆ ಇಲ್ಲ. ಬರೆದವನು ಹನ್ನೆರಡಕ್ಕೇ ಎಣಿಸೋದು ಬಿಟ್ಬಿಟ್ನಾ?"

ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿರದ ತಪ್ಪು. ಬಿಡಿ ಹಾಳೆಗಳಲ್ಲಿ ಪುಟದ ಸಂಖ್ಯೆ ಇರಲಿಲ್ಲ. ಪುಸ್ತಕದ ಹಾಳೆ ತಿರುವದ ಕೈ ಬಾಯಿಗೆ ನೆನಪು ಮಾಡಿರಲಿಲ್ಲ. ಸುಳ್ಳನ್ನು ಓದಿದ್ದ, ಸುಳ್ಳಿಗೆ ಪುಟ ಹಾಕುವುದನ್ನು ಮರೆತಿದ್ದ.

"ನನಗೆ ಮೊನ್ನೆಯೇ ಗೊತ್ತಾಯ್ತು ತಾತ," ಎಂದಳು ಅಕ್ಕ, ಯಂತ್ರದ ಹಿಂದಿನಿಂದ. "ಹಾಳೆ ತಿರುವಿದ ಸದ್ದೂ ಪುಸ್ತಕದ್ದಲ್ಲ. ಸಂಜೆ ಒಳಗೆ ಅವರೇ ಹೇಳ್ತಾರೆ ಅಂತ ಕಾದೆ. ರಾತ್ರಿ ಮನೇಲೂ ಕಾದೆ, ಹೇಳೋಕೆ ಬರ್ತಾರೇನೋ ಅಂತ."

"ಮೊನ್ನೆ ಅಲ್ಲ ಅಕ್ಕ, ನಿನ್ನೆ ಕಣೇ ಹೊಡೆದಿದ್ದು," ಎಂದ ತಾತ.

"ಹೌದಾ? ನನಗೆ ಎರಡು ದಿನ ಆದ ಹಾಗಿದೆ."

ಇನ್ನೂರ ಹದಿಮೂರು, ಇನ್ನೂರ ಹದಿನಾಲ್ಕು ಎಂದು ಎರಡು ಮೂರು ಸಂಖ್ಯೆ ಬಾಯಿಗೆ ಬಂದಂತೆ ಹೇಳಿದ್ದರೆ ಆಗುತ್ತಿತ್ತು. ತಗಡಿಗೆ ಸೇರಿಸಿಬಿಡಬಹುದಿತ್ತು. ಓದಪ್ಪ ಅದಕ್ಕೇ ಬಾಯಿ ತೆರೆದ. "ಇ... ಇನ್ನೂರ..." ಎಂದ. ಎಲ್ಲೋ ಒಂದು ಮಗು ಇನ್ನೂರ ಹದಿನಾಲ್ಕನೇ ಪುಟ ತೆಗೆದು ಬೆರಳಿಡುವುದು ಕಣ್ಣೆದುರು ಬಂತು. ಪಕ್ಕದ ಕಣ್ಣಿರುವ ಮಗು ಅದೇ ಪುಟ ತೆಗೆದು ಬೇರೇನೋ ಓದುತ್ತಿದೆ. ಆಗ ಇಬ್ಬರಲ್ಲಿ ಸುಳ್ಳುಗಾರ ಯಾರಾಗುತ್ತಾರೆ?

ತಪ್ಪಾಯಿತು ಎನ್ನಲು ಅವನಿಗೆ ಸ್ವಂತ ಮಾತು ಬೇಕಿತ್ತು, ಅದು ಹೊರಡಲಿಲ್ಲ. ಅವನು ಬಿಡಿ ಹಾಳೆಗಳನ್ನು ನೆಲಕ್ಕಿಟ್ಟ. ಪುಸ್ತಕ ಬಿಚ್ಚಿದ. "ಹೊಸ ಪುಟ, ಇನ್ನೂರ ಹದಿಮೂರು," ಎಂದು ಓದಲು ಶುರುಮಾಡಿದ.

ಇಸ್ತ್ರಿಯವಳು ತಟ್ಟೆ ತೊಳೆದಳು. ಒರೆಸಿದಳು. ಗಾಡಿಯ ಗಂಟೆ ಪಕ್ಕದ ಮನೆಯ ಮುಂದೆ ನಿಂತಿತು. ಅವಳು ಎರಡು ತಟ್ಟೆ ಹಾಕಿ ಎರಡಕ್ಕೂ ಬಿಸಿ ಊಟ ಬಡಿಸಿ, ತಂಗಿಯ ಹೆಸರನ್ನು ಬೀದಿಗೆ ಕೇಳಿಸುವಷ್ಟು ಜೋರಾಗಿ ಕರೆದು, ಎದ್ದು ಬಾಗಿಲು ತೆಗೆದಳು. ಪುಸ್ತಕ ಅಲ್ಲಿಗೆ ಮುಗಿಯಿತು. ಮುಂದೇನಾಯಿತೆಂದು ಬರೆದವರು ಹೇಳಿರಲಿಲ್ಲ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರು ಬದಲಾಯಿಸು ಅಂದ್ರು ಅಂತ ನಾನು ಕೇಳಲ್ಲ, ಆ ಸ್ಕೂಟರ್ ಸದ್ದು ನನಗೂ ಗೊತ್ತು. ಯಾಕಂತೆ?"

"ಕೊ... ಕೊನೇಲಿ ಕತ್ತಲೆ ಬೇಡ ಅಂತ."

"ಅಯ್ಯೋ ದೇವರೇ," ಎಂದು ಅಕ್ಕ ನಕ್ಕಳು, "ಕತ್ತಲೆ ವಿಷಯ ನಮಗೇ ಹೇಳಿಕೊಡ್ತಾರಾ."

ಅಂದೂ ಮರುದಿನವೂ ಕೂತು ಹೊಸ ತಗಡು ಹೊಡೆದರು. ತಾತ ಓದಿದ, ಓದಪ್ಪ ತಾಳೆ ನೋಡಿದ, ಪ್ರತಿ ಪುಟಕ್ಕೂ ಗೆರೆ, ಪ್ರತಿ ಗೆರೆಗೂ ಸಂಖ್ಯೆ. ಅಕ್ಕ ಒಂದು ಉಪಾಯ ಹೇಳಿಕೊಟ್ಟಳು. "ಮ್ಯಾನೇಜರ್‌ಗೆ ಬ್ರೈಲ್ ಓದೋಕೆ ಬರಲ್ಲ. ಅವರು ಕೇಳಿದ್ರೆ ಸುಮ್ನೆ ತಲೆ ಆಡಿಸಿ. ನಿಮಗೆ ಅದೇನು ಹೊಸದಾ? ಪುಸ್ತಕ ಪುಸ್ತಕದ ಹಾಗೆ ಹೋಗುತ್ತೆ, ನಿಮ್ಮ ಕುರ್ಚಿ ಕುರ್ಚಿ ಹಾಗೆ ಇರುತ್ತೆ."

ಓದಪ್ಪನಿಗೆ ಎದೆ ಹಗುರಾಯಿತು. ತಲೆಯಾಡಿಸುವುದು, ಅಷ್ಟೇ ತಾನೆ.

ಚೀಟಿಗೆ ರುಜು ಹಾಕಿಕೊಂಡು ಒಳಗೆ ಹೋದ. "ಎಲ್ಲ ನಾವು ಅಂದುಕೊಂಡ ಹಾಗೇ ಆಯ್ತಾ?" ಎಂದರು ಮ್ಯಾನೇಜರ್. ಕುತ್ತಿಗೆ ಆಗಲೇ ಅರ್ಧ ಬಗ್ಗಿತ್ತು. ಮ್ಯಾನೇಜರ್ ಖುಷಿಯಿಂದ ಖಾನೆ ಎಳೆದು ಇನ್ನೊಂದು ಪಟ್ಟಿ ತೆಗೆದರು. "ನೋಡಿ, ಎಷ್ಟು ಸಲೀಸಾಯ್ತು. ಇನ್ನು ಮೇಲೆ ಹೀಗೇ ಮಾಡೋಣ. ಈ ನಾಲ್ಕು ಪುಸ್ತಕಕ್ಕೂ ಅಲ್ಲಲ್ಲಿ ಸ್ವಲ್ಪ ಬರೆದುಕೊಡ್ತೀನಿ, ನೀವು ಓದ್ಬಿಡಿ. ಅವರಿಗೇನು ಗೊತ್ತಾಗುತ್ತೆ?"

ಬಗ್ಗಿದ್ದ ತಲೆ ಬಗ್ಗಿದಲ್ಲೇ ನಿಂತಿತು. ಈ ತಲೆಯನ್ನು ಈಗ ಮೇಲೆತ್ತಿದರೆ ಅದು ಹೌದು ಎಂದಂತೆ. ಇನ್ನು ನಾಲ್ಕು ಪುಸ್ತಕ, ಆಮೇಲೆ ನಲವತ್ತು. ಪ್ರತಿಯೊಂದಕ್ಕೂ ಎರಡು ಕೊನೆ, ಎರಡೂ ಕಡೆ ತಲೆಯಾಟ. ಅಕ್ಕ ಪ್ರತಿ ಸಲ ಹಾಳೆಯ ಸದ್ದಿಗೆ ಕಿವಿಗೊಟ್ಟು ಕೂರಬೇಕು, ಇವತ್ತು ಈತ ಓದುತ್ತಿರುವುದು ಯಾವುದು ಎಂದು.

"ಗೊ..." ಎಂದ ಓದಪ್ಪ.

"ಏನು?"

"ಗೊ... ಗೊತ್ತಾಗುತ್ತೆ ಸಾರ್. ಗೊತ್ತಾಯ್ತು. ನಾ... ನಾನು ಪುಸ್ತಕದಲ್ಲಿರೋದನ್ನೇ ಓದಿದೆ. ಇ... ಇನ್ನು ಮೇಲೂ ಅದನ್ನೇ ಓದೋದು."

ಹತ್ತು ಮಾತಿಗೆ ಎಷ್ಟು ಹೊತ್ತು ಹಿಡಿಯಿತೋ. ಮ್ಯಾನೇಜರ್ ನಡುವೆ ಬಾಯಿ ಹಾಕಲಿಲ್ಲ; ಅದು ಅವರ ದೊಡ್ಡತನ ಎಂದು ಓದಪ್ಪ ಆಮೇಲೂ ಹೇಳುತ್ತಿದ್ದ. ಮುಗಿದ ಮೇಲೆ ಅವರು ಎದ್ದು ಬಂದು ತಾತನ ಮೇಜಿನ ಮೇಲಿದ್ದ ಪ್ರತಿಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ತಡವಿದರು.

"ಇದರಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಇಷ್ಟು ದಿನ ನಿಮ್ಮ ಕಾಗದದಲ್ಲಿ ಏನಿದೆ ಅಂತ ನಮಗೆ ಗೊತ್ತಾದ ಹಾಗೆ ಸ್ವಾಮಿ," ಎಂದ ತಾತ. "ಓದೋರನ್ನ ನಂಬಿ. ಕೊಡಿ ಇಲ್ಲಿ."

ತಾತ ಓದಿದ. ಮ್ಯಾನೇಜರ್ ನಿಂತೇ ಕೇಳಿದರು. ಬಾಗಿಲು ತೆಗೆಯುವಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಮೆಚ್ಚುವುದು ಬೇರೆ, ಧೈರ್ಯ ಬೇರೆ. "ನಾನು ಇದಕ್ಕೆ ರುಜು ಹಾಕಲ್ಲ," ಎಂದರು ಮೆಲ್ಲಗೆ. "ನೀವು ಸೋಮವಾರದಿಂದ ಪಾರ್ಸೆಲ್ ಕೋಣೆಗೆ ಹೋಗಿ ಓದಪ್ಪನೋರೇ."

ತಗಡುಗಳು ಬೀರು ಸೇರಿದವು. ಓದಪ್ಪ ಹಿಂದಿನ ಪಾರ್ಸೆಲ್ ಕೋಣೆ ಸೇರಿದ. ಅಲ್ಲಿ ರಟ್ಟಿನ ಪೆಟ್ಟಿಗೆ, ಸೆಣಬಿನ ಹುರಿ, ಅಂಟಿನ ಡಬ್ಬಿ. ಮಾತೂ ಬೇಡ, ಓದೂ ಬೇಡ. ಮರದ ಕುರ್ಚಿಗೆ ಚುರುಕು ದನಿಯ ಹೊಸ ಹುಡುಗಿ ಬಂದಳು. ಮೊದಲ ವಾರ ಓದಪ್ಪನಿಗೆ ಅನ್ನ ಸೇರಲಿಲ್ಲ. ಹೆಂಡತಿ ತಟ್ಟೆ ಮುಂದಿಟ್ಟು, "ಅಡ್ಡಡ್ಡ ಆಡಿಸೋ ಕೀಲು ಇತ್ತಲ್ಲ ರೀ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು. ಆಮೇಲೆ ಅವಳೇ ತುತ್ತು ಮಾಡಿ ಕೊಟ್ಟಳು.

ಎರಡನೇ ವಾರ ಮಧ್ಯಾಹ್ನ ಕೋಲಿನ ಸದ್ದಾಯಿತು. ಅಕ್ಕ ಡಬ್ಬಿ ಹಿಡಿದು ಬಂದು ಪೆಟ್ಟಿಗೆಯೊಂದರ ಮೇಲೆ ಕೂತಳು.

"ಏನಾದ್ರೂ ಓದಿ ಓದಪ್ಪ."

"ಇ... ಇಲ್ಲಿ ಓದೋಕೆ ಏನಿದೆ ಅಕ್ಕ? ಬರೀ ವಿಳಾಸ."

"ಅದನ್ನೇ ಓದಿ. ಇಷ್ಟು ವರ್ಷ ಹೊಡೆದಿದೀನಿ, ಯಾರ ಕೈಗೆ ಹೋಗುತ್ತೆ ಅಂತ ಒಬ್ಬರೂ ನನಗೆ ಹೇಳಿಲ್ಲ."

ಓದಪ್ಪ ಚೀಟಿಗಳನ್ನು ಎತ್ತಿಕೊಂಡು ಓದಿದ. ಹೆಣ್ಣುಮಕ್ಕಳ ವಸತಿ ಶಾಲೆ, ನೀರಿನ ಟ್ಯಾಂಕಿನ ಹಿಂದೆ. ನಿವೃತ್ತ ಸಂಗೀತ ಶಿಕ್ಷಕರು, ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿ. ಮೂಳೆ ಆಸ್ಪತ್ರೆಯ ಗ್ರಂಥಾಲಯ. ಅಕ್ಕ ತುತ್ತು ಮರೆತು ಕೇಳಿದಳು. ಆಮೇಲೆ ದಿನಾ ಬಂದಳು. ಕೆಲವು ದಿನ ತಾತನನ್ನೂ ಕೈಹಿಡಿದು ಕರೆತಂದಳು. ಎರಡನೇ ಮಹಡಿಯ ಸಂಗೀತದ ಮೇಷ್ಟ್ರಿಗೆ ಮೆಟ್ಟಿಲು ಹತ್ತಲು ಎಷ್ಟು ಕಷ್ಟವೋ ಎಂದು ಮೂವರೂ ಕೂತು ಚಿಂತೆ ಮಾಡುವರು.

ಹನ್ನೊಂದು ತಿಂಗಳಾದ ಮೇಲೆ ಮೇಲಿನವರು ಒಂದು ಪ್ರಶ್ನೆ ಕೇಳಿ ಕಳಿಸಿದರು. ಪುಸ್ತಕದೊಳಗೆ ಏನಿದೆ ಎಂದಲ್ಲ. ವರ್ಷಕ್ಕೆ ಮುಗಿಸಬೇಕಾದ ಪುಸ್ತಕಗಳಲ್ಲಿ ಒಂದು ಕಡಿಮೆ ಏಕೆ ಎಂದು. ಮ್ಯಾನೇಜರ್ ಅದೇ ದಿನ ಬೀರು ತೆಗೆಸಿ ರುಜು ಹಾಕಿದರು. ಓದಪ್ಪನನ್ನು ಮಾತ್ರ ಕುರ್ಚಿಗೆ ಮರಳಿ ಕರೆಯಲಿಲ್ಲ, ಅವನೂ ಕೇಳಲಿಲ್ಲ.

ನಲವತ್ತೊಂದು ಪ್ರತಿ ಪಾರ್ಸೆಲ್ ಕೋಣೆಗೆ ಬಂದವು. ಅಂದು ಊಟದ ಹೊತ್ತಿಗೆ ಕಾಯದೆ ಅಕ್ಕ ಬೆಳಗ್ಗೆಯೇ ಬಂದಳು. ಓದಪ್ಪ ಒಂದೊಂದೇ ಪೆಟ್ಟಿಗೆ ಕಟ್ಟುವನು, ಚೀಟಿ ಅಂಟಿಸುವ ಮೊದಲು ಓದುವನು. ಅವಳು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೇಳುವಳು. ಇಪ್ಪತ್ತಾರನೆಯದು ಯಾವುದೋ ಬೆಟ್ಟದ ಮೇಲಿನ ಸಣ್ಣ ಶಾಲೆ; ಅಲ್ಲಿ ಬ್ರೈಲ್ ಓದುವ ಮಗು ಒಂದೇ ಒಂದು, ಆರನೇ ತರಗತಿ ಎಂದು ಚೀಟಿಯಲ್ಲೇ ಬರೆದಿತ್ತು.

"ಒಂದೇ ಮಗುಗೆ ಪೂರ್ತಿ ಪುಸ್ತಕಾನಾ?" ಎಂದಳು ಅಕ್ಕ.

"ಪೂ... ಪೂರ್ತಿ," ಎಂದ ಓದಪ್ಪ.

"ಆ ವಿಳಾಸ ಇನ್ನೊಂದು ಸಲ ಓದಿ."

ಅವನು ಓದಿದ.